ಒಳಾಂಗಣ ಕಾಲ್ಚೆಂಡು ಮತ್ತು ನಮ್ಮ ಶಾಲೆಗಳ ಅಂಗಳ

ಪ್ರವೇಶಾತಿಯ ಕಾಲ ಸಮೀಪಿಸಿತೆಂದರೆ ತುಮಕೂರು ಹೆದ್ದಾರಿಯ ಇಕ್ಕೆಲಗಳಲ್ಲಿ, ಯಶವಂತಪುರದಿಂದ ನಾಗಸಂದ್ರದವರೆಗೆ, ಖಾಸಗಿ ಪ್ರೌಢಶಾಲೆಗಳ ಜಾಹೀರಾತು ಫಲಕಗಳು ಮೆಟ್ರೋ ಕಂಬಗಳೊಡನೆ ಪೈಪೋಟಿಗಿಳಿಯುತ್ತವೆ. ಒಂದು ಕಾಲದಲ್ಲಿ ಅವುಗಳ ಮೇಲೆ ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳ ಭಾವಚಿತ್ರಗಳಷ್ಟೇ ಇರುತ್ತಿದ್ದವು. ಅನಂತರ ಗಣಕಯಂತ್ರದ ಪ್ರಯೋಗಾಲಯ ಬಂದಿತು, ಈಜುಕೊಳ ಬಂದಿತು, ಕುದುರೆ ಸವಾರಿಯೂ ಬಂದಿತು. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿಗೆ ಒಳಾಂಗಣ ಕಾಲ್ಚೆಂಡಿನ ಅಂಕಣ ಸೇರಿದೆ. ತಗಡಿನ ಎತ್ತರದ ಸೂರು, ಅದರಡಿಯಲ್ಲಿ ಹಸಿರು ಕೃತಕ ಹಾಸು, ಸುತ್ತಲೂ ಬಲೆ, ಮೇಲೆ ಬಿಳಿಯ ದೀಪಗಳು. ಚಿತ್ರದಲ್ಲಿ ನೋಡಲು ಅದು ನಿಜಕ್ಕೂ ಸೊಗಸಾಗಿರುತ್ತದೆ.

ಈ ಚಿತ್ರವನ್ನು ಮೊಬೈಲಿನಲ್ಲಿ ತೋರಿಸುತ್ತ, "ಫಾದರ್, ನಮ್ಮ ಶಾಲೆಗಳಲ್ಲಿ ಇದು ಯಾಕಿಲ್ಲ?" ಎಂದು ಕೇಳುವ ತಂದೆತಾಯಂದಿರ ಸಂಖ್ಯೆ ಹೆಚ್ಚುತ್ತಿದೆ. ಪ್ರಶ್ನೆ ನ್ಯಾಯವಾದುದೇ. ಆದರೆ ಆ ಪ್ರಶ್ನೆಯ ಹಿಂದೆಯೇ ಇನ್ನೆರಡು ಮಾತುಗಳು ನಮ್ಮ ಕಿವಿಗೆ ಬೀಳುತ್ತಿವೆ. ಒಂದು, ಅಂಥ ಅಂಕಣವಿರುವ ಶಾಲೆಗೆ ಮಗುವನ್ನು ಸೇರಿಸಲು ಸಾಲ ಮಾಡಲೂ ಸಿದ್ಧರಾದ ಕುಟುಂಬಗಳ ಮಾತು. ಮತ್ತೊಂದು, ನಮ್ಮದೇ ಶಾಲೆಗಳ ಮಣ್ಣಿನ ಮೈದಾನದ ಒಂದು ಪಾಲನ್ನು ಬೇಲಿ ಹಾಕಿ, ಸೂರು ಹೊದಿಸಿ, ಗಂಟೆಗಿಷ್ಟೆಂದು ಬಾಡಿಗೆಗೆ ಕೊಟ್ಟರೆ ಶಾಲೆಗೆ ಆದಾಯವೂ ಆಯಿತು, ಮಕ್ಕಳಿಗೆ ಆಟವೂ ಆಯಿತು ಎಂಬ ಲೆಕ್ಕಾಚಾರ. ಮೊದಲನೆಯದು ಆಯಾ ಮನೆಯ ವಿಚಾರ; ಆ ಬಗ್ಗೆ ಸಲಹೆಯನ್ನಷ್ಟೇ ನೀಡಬಲ್ಲೆವು. ಎರಡನೆಯದು ಮಾತ್ರ ನಮ್ಮೆಲ್ಲರ ವಿಚಾರ. ಅದನ್ನು ಕುರಿತು ಈ ಅಂಕಣದಲ್ಲಿ ವಿವರವಾಗಿ ಬರೆಯುವುದು ಅಗತ್ಯವೆಂದು ನಮಗೆ ತೋರಿತು.

ಮೊದಲು ಆಟದ ಪರಿಚಯವಾಗಲಿ. ಜನರು ಒಳಾಂಗಣ ಕಾಲ್ಚೆಂಡು ಎಂದು ಒಂದೇ ಹೆಸರಿನಿಂದ ಕರೆಯುವ ಆಟದಲ್ಲಿ ಎರಡು ಮೂರು ಬಗೆಗಳಿವೆ. ಅಮೆರಿಕದಲ್ಲಿ ಹಲಗೆಯ ಗೋಡೆಗಳ ನಡುವೆ, ಗೋಡೆಗೆ ತಾಗಿ ಮರಳುವ ಚೆಂಡಿನೊಂದಿಗೆ ಆಡುವುದು ಒಂದು ಬಗೆ. ನಮ್ಮ ನಗರದಲ್ಲಿ 'ಟರ್ಫ್' ಎಂದು ಹೆಸರಾಗಿರುವುದು, ಕೃತಕ ಹುಲ್ಲಿನ ಮೇಲೆ ಐದೋ ಆರೋ ಮಂದಿ ಕೂಡಿ ತಮಗೆ ತೋಚಿದ ನಿಯಮಗಳಂತೆ ಆಡುವ ಇನ್ನೊಂದು ಬಗೆ. ಅಂತರರಾಷ್ಟ್ರೀಯ ಕಾಲ್ಚೆಂಡು ಒಕ್ಕೂಟವಾದ ಫಿಫಾ ಮಾನ್ಯತೆ ನೀಡಿರುವ ಒಳಾಂಗಣ ಆಟದ ಹೆಸರು ಫುಟ್ಸಾಲ್. ಗೋಲಿಯೂ ಸೇರಿ ಪ್ರತಿ ತಂಡಕ್ಕೆ ಐದು ಆಟಗಾರರು. ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ. 3 ಮೀಟರ್ ಅಗಲ, 2 ಮೀಟರ್ ಎತ್ತರದ ಗೋಲುಕಂಬ. ತಲಾ 20 ನಿಮಿಷಗಳ ಎರಡು ಅವಧಿ. ಸಾಮಾನ್ಯ ಚೆಂಡಿಗಿಂತ ತುಸು ಚಿಕ್ಕದಾದ, ಹೆಚ್ಚು ಪುಟಿಯದ ಚೆಂಡು. ವಾಚಕರು ಗಮನಿಸಬೇಕಾದ ಸಂಗತಿಯೆಂದರೆ, ಈ ಆಟಕ್ಕೆ ಹಸಿರು ಹಾಸು ಬೇಕಾಗಿಯೇ ಇಲ್ಲ. ನಯವಾದ, ಸಮತಟ್ಟಾದ ಗಟ್ಟಿ ನೆಲವೇ ಇದಕ್ಕೆ ಯೋಗ್ಯವಾದ ನೆಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಫುಟ್ಸಾಲ್ ಹುಟ್ಟಿದ ಕಥೆ ಸ್ವಾರಸ್ಯಕರವಾಗಿದೆ. ದಕ್ಷಿಣ ಅಮೆರಿಕದ ಪುಟ್ಟ ದೇಶ ಉರುಗ್ವೆ 1930ರಲ್ಲಿ ಪ್ರಪ್ರಥಮ ವಿಶ್ವಕಪ್ಪನ್ನು ಗೆದ್ದಿತು. ರಾಜಧಾನಿ ಮೊಂಟೆವಿಡಿಯೊದ ಮಕ್ಕಳೆಲ್ಲ ಕಾಲ್ಚೆಂಡಿನ ಹುಚ್ಚಿಗೆ ಬಿದ್ದರು. ಆದರೆ ಆಡಲು ಸ್ಥಳ ಸಾಲದು. ಅಲ್ಲಿನ ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ದೈಹಿಕ ಶಿಕ್ಷಕರಾಗಿದ್ದ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬವರು ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲೇ ಆಡಬಹುದಾದ ಕಾಲ್ಚೆಂಡಿಗೆ ನಿಯಮಗಳನ್ನು ರಚಿಸಿದರು. ಬ್ಯಾಸ್ಕೆಟ್‌ಬಾಲ್‌ನಿಂದ ಆಟಗಾರರ ಸಂಖ್ಯೆಯನ್ನೂ, ಹ್ಯಾಂಡ್‌ಬಾಲ್‌ನಿಂದ ಅಂಕಣದ ಅಳತೆಯನ್ನೂ, ವಾಟರ್ ಪೋಲೊದಿಂದ ಗೋಲಿಯ ನಿಯಮಗಳನ್ನೂ ಎರವಲು ಪಡೆದರು. ಅಂದರೆ ಇರುವ ಸ್ಥಳದಲ್ಲೇ ಎಲ್ಲ ಮಕ್ಕಳಿಗೂ ಆಟ ಸಿಗಲೆಂದು ಒಬ್ಬ ಮೇಷ್ಟ್ರು ಕಂಡುಕೊಂಡ ಉಪಾಯವದು. ಸಿರಿವಂತಿಕೆಯ ಸೌಲಭ್ಯವಾಗಿ ಅದು ಹುಟ್ಟಲಿಲ್ಲ. ಅಲ್ಲಿಂದ ಬ್ರೆಜಿಲ್‌ಗೆ ಹೋಗಿ ಬೆಳೆದು, 1989ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಫಿಫಾದ ಮೊದಲ ಫುಟ್ಸಾಲ್ ವಿಶ್ವಕಪ್ ನಡೆಯಿತು, ಬ್ರೆಜಿಲ್ ಗೆದ್ದಿತು. 2024ರಲ್ಲಿ ಉಜ್ಬೆಕಿಸ್ತಾನದಲ್ಲಿ ನಡೆದ ವಿಶ್ವಕಪ್ಪಿನಲ್ಲೂ ಬ್ರೆಜಿಲ್ಲೇ ಗೆದ್ದಿತು. ನಮ್ಮ ದೇಶದಲ್ಲಿ ಅಖಿಲ ಭಾರತ ಫುಟ್ಬಾಲ್ ಒಕ್ಕೂಟವು ಕ್ಲಬ್ಬುಗಳ ಫುಟ್ಸಾಲ್ ಪಂದ್ಯಾವಳಿಯನ್ನು ಆರಂಭಿಸಿದ್ದು 2021ರಲ್ಲಿ. ರಾಷ್ಟ್ರೀಯ ತಂಡ ಕಣಕ್ಕಿಳಿದದ್ದು 2023ರಲ್ಲಿ. ಇನ್ನೂ ಎಳೆಯ ಸಸಿ.

ಆಟದ ಗುಣಗಳನ್ನು ಒಪ್ಪಿಕೊಳ್ಳಲು ನಮಗೆ ಯಾವ ಸಂಕೋಚವೂ ಇಲ್ಲ. ಹನ್ನೊಂದು ಮಂದಿಯ ಆಟದಲ್ಲಿ ಅಂಜುಬುರುಕ ಹುಡುಗನೊಬ್ಬ ಅರ್ಧ ಗಂಟೆ ಚೆಂಡನ್ನು ಮುಟ್ಟದೆಯೇ ಅಂಚಿನಲ್ಲಿ ನಿಂತಿರಬಹುದು. ಐವರ ಆಟದಲ್ಲಿ ಅವನಿಗೆ ಅಡಗಲು ಸ್ಥಳವಿಲ್ಲ. ಚೆಂಡು ಅವನನ್ನು ಹುಡುಕಿಕೊಂಡು ಬರುತ್ತದೆ. ಮಳೆಗಾಲದಲ್ಲಿ ನಮ್ಮ ಮಣ್ಣಿನ ಮೈದಾನಗಳು ಕೆಸರಿನ ಹೊಂಡಗಳಾಗಿ ವಾರಗಟ್ಟಲೆ ಆಟ ನಿಂತುಹೋಗುವುದು ನಿಜ. ಪೀಣ್ಯದ ಧೂಳೂ ಸಾಮಾನ್ಯವಾದುದಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ನಡೆಸಿದ ಮೌಲ್ಯಮಾಪನದಲ್ಲಿ ಪೀಣ್ಯವು ತೀವ್ರ ಮಾಲಿನ್ಯಪೀಡಿತ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿತ್ತು. (ತಗಡಿನ ಸೂರು ಬಿಸಿಲನ್ನು ತಡೆಯುತ್ತದೆಯೇ ಹೊರತು ಗಾಳಿಯನ್ನು ಸೋಸುವುದಿಲ್ಲ ಎಂಬುದನ್ನು ಜಾಹೀರಾತು ಹೇಳುವುದಿಲ್ಲವಷ್ಟೆ.) ಎಲ್ಲಕ್ಕಿಂತ ಮುಖ್ಯವಾಗಿ, ಹೆಣ್ಣುಮಕ್ಕಳ ಮಾತು. ರಸ್ತೆಗೆ ತೆರೆದುಕೊಂಡಿರುವ ಮೈದಾನದಲ್ಲಿ, ಬೇಲಿಯಾಚೆ ನಿಂತು ನೋಡುವವರ ಕಣ್ಣೆದುರಿನಲ್ಲಿ ಓಡಲು ಹಿಂಜರಿಯುವ ಒಂಬತ್ತನೆಯ ತರಗತಿಯ ಹುಡುಗಿ, ನಾಲ್ಕು ಗೋಡೆಗಳ ಒಳಗೆ ನಿರ್ಭಯವಾಗಿ ಓಡುತ್ತಾಳೆ. ಹತ್ತು ವರ್ಷ ವಯಸ್ಸಿನವರೆಗೆ ಅಣ್ಣತಮ್ಮಂದಿರೊಡನೆ ಆಡಿದವಳು ಹದಿಮೂರಕ್ಕೆ ಆಟ ಬಿಡುವುದನ್ನು ನಮ್ಮ ಕುಟುಂಬಗಳು ಸಹಜವೆಂದು ಸ್ವೀಕರಿಸಿಬಿಟ್ಟಿವೆ. ಒಳಾಂಗಣ ಕಾಲ್ಚೆಂಡು ಈ ಒಂದು ರೂಢಿಯನ್ನು ಮುರಿಯುವುದಾದರೆ ಅದಕ್ಕಾಗಿಯೇ ಅದನ್ನು ಸ್ವಾಗತಿಸಬೇಕು.

ಹಾಗಾದರೆ ಆಕ್ಷೇಪವೆಲ್ಲಿದೆ? ಸ್ವಲ್ಪ ಗಣಿತ ಮಾಡೋಣ. ಪೂರ್ಣ ಪ್ರಮಾಣದ ಕಾಲ್ಚೆಂಡಿನ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್. ಫುಟ್ಸಾಲ್ ಅಂಕಣ 800 ಚದರ ಮೀಟರ್. ಹೆಚ್ಚುಕಡಮೆ ಒಂಬತ್ತನೆಯ ಒಂದು ಪಾಲು. ಒಂದು ತರಗತಿಯಲ್ಲಿ 40 ಮಕ್ಕಳು, ಆಟದ ಅವಧಿ 40 ನಿಮಿಷ, ಅಂಕಣದಲ್ಲಿ ಒಮ್ಮೆಗೆ ಆಡಬಹುದಾದವರು 10 ಮಂದಿ ಎಂದಿಟ್ಟುಕೊಳ್ಳಿ. ಪ್ರತಿ ಮಗುವಿಗೆ ದೊರೆಯುವುದು 10 ನಿಮಿಷ. ವಾರಕ್ಕೆ ಎರಡು ಅವಧಿಗಳಿದ್ದರೆ 20 ನಿಮಿಷ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ದಿನಕ್ಕೆ ಅರವತ್ತು ಎಲ್ಲಿ, ವಾರಕ್ಕೆ ಇಪ್ಪತ್ತು ಎಲ್ಲಿ! ಮಿಕ್ಕ ಮೂವತ್ತು ಮಕ್ಕಳು ಬಲೆಯ ಹೊರಗೆ ಕುಳಿತು ತಮ್ಮ ಸರದಿಗಾಗಿ ಕಾಯುತ್ತಾರೆ. ಬಯಲಿರುವ ಶಾಲೆಯಲ್ಲಿ ಅದೇ ಮೂವತ್ತು ಮಕ್ಕಳು ಕಾಯುವುದಿಲ್ಲ. ಒಂದು ಮೂಲೆಯಲ್ಲಿ ಖೋ ಖೋ, ಇನ್ನೊಂದು ಮೂಲೆಯಲ್ಲಿ ಕಬಡ್ಡಿ, ಗೋಡೆಯ ಬಳಿ ಎರಡು ಇಟ್ಟಿಗೆಗಳ ನಡುವೆ ಇನ್ನೊಂದು ಕಾಲ್ಚೆಂಡು, ಹೀಗೆ ಏನಾದರೊಂದನ್ನು ಹೂಡಿಕೊಳ್ಳುತ್ತಾರೆ.

ಆದುದರಿಂದ ಒಳಾಂಗಣ ಅಂಕಣವು ಬಯಲಿನ ಜೊತೆಗಿದ್ದರೆ ಭೂಷಣ, ಬಯಲಿನ ಬದಲಿಗೆ ಬಂದರೆ ನಷ್ಟ. ಅನೇಕ ಖಾಸಗಿ ಶಾಲೆಗಳಲ್ಲಿ ಆಗುತ್ತಿರುವುದು ಎರಡನೆಯದೇ ಎಂಬುದು ನಮ್ಮ ಆತಂಕ. ಐದು ಅಂತಸ್ತಿನ ಕಟ್ಟಡವೆಬ್ಬಿಸಿ, ಅಂಗಳವನ್ನು ಬಸ್ಸುಗಳ ನಿಲುಗಡೆಗೆ ಬಿಟ್ಟು, ತಾರಸಿಯ ಮೇಲೊಂದು ಬಲೆಯ ಪಂಜರ ಕಟ್ಟಿ, "ನಮ್ಮಲ್ಲಿ ಅಂತರರಾಷ್ಟ್ರೀಯ ಮಟ್ಟದ ಒಳಾಂಗಣ ಕಾಲ್ಚೆಂಡು ಇದೆ" ಎಂದು ಸಾರುವುದು ಕೊರತೆಯೊಂದನ್ನು ಸೌಲಭ್ಯವೆಂದು ಮಾರುವ ಜಾಣತನ. ಇನ್ನು ನಿಜವಾದ ತರಬೇತಿ ನಡೆಯುವುದು ಶಾಲೆ ಮುಗಿದ ಮೇಲೆ, ಹೊರಗಿನ ಅಕಾಡೆಮಿಯೊಂದರ ಮೂಲಕ, ಪ್ರತ್ಯೇಕ ಶುಲ್ಕಕ್ಕೆ. ಕಟ್ಟಿದವನ ಮಗ ಆಡುತ್ತಾನೆ. ಕಟ್ಟಲಾಗದವನ ಮಗ ಬಲೆಗೆ ಬೆರಳು ಸಿಕ್ಕಿಸಿ ನೋಡುತ್ತಾನೆ. ನಗರದಲ್ಲಿ ಇಂಥ ಅಂಕಣಗಳ ಬಾಡಿಗೆ ಗಂಟೆಗೆ ಸಾವಿರ ರೂಪಾಯಿ ಮುಟ್ಟಿ ದಾಟಿದೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಸಹಾಯಕನಾಗಿ ದುಡಿಯುವವನ ದಿನಗೂಲಿಗಿಂತ ಅದು ಹೆಚ್ಚು.

ಈ ಮಾತು ನಮ್ಮನ್ನು ವಿಷಯದ ತಿರುಳಿಗೆ ತರುತ್ತದೆ. ಪೀಣ್ಯ ಎಂಥ ಸ್ಥಳ? 1970ರ ದಶಕದ ಕೊನೆಯಲ್ಲಿ ಬೆಳೆಯಲಾರಂಭಿಸಿ, ಏಷ್ಯಾ ಖಂಡದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲೊಂದೆಂದು ಹೆಸರಾದ ಈ ನೆಲದಲ್ಲಿ ಲೇತು ಯಂತ್ರಗಳ ಪುಟ್ಟ ಷೆಡ್ಡುಗಳಿಂದ ಹಿಡಿದು ಸಾವಿರಾರು ಮಹಿಳೆಯರು ಹೊಲಿಗೆಯಂತ್ರದ ಮುಂದೆ ಕೂರುವ ಸಿದ್ಧ ಉಡುಪಿನ ಕಾರ್ಖಾನೆಗಳವರೆಗೆ ಎಲ್ಲವೂ ಇವೆ. ಇಲ್ಲಿನ ಧರ್ಮಕೇಂದ್ರಗಳ ಭಾನುವಾರದ ಪೂಜೆಗೆ ಬರುವವರಲ್ಲಿ ಕನ್ನಡಿಗರು, ತಮಿಳರು, ಮಲೆಯಾಳಿಗಳು, ಕೊಂಕಣಿಗರು, ತೆಲುಗರು ಇದ್ದಾರೆ. ಝಾರ್ಖಂಡದ ಸಿಮ್ಡೇಗಾ, ಗುಮ್ಲಾ ಕಡೆಗಳಿಂದ ದುಡಿಯಲು ಬಂದ ಆದಿವಾಸಿ ಕಥೋಲಿಕ ಯುವಕರೂ ಇದ್ದಾರೆ. ತಂದೆಗೆ ಪಾಳಿಯ ಕೆಲಸ, ತಾಯಿಗೆ ಗಾರ್ಮೆಂಟ್ಸ್. ಶಾಲೆ ಮುಗಿಯುವುದು ಮೂರೂವರೆ ನಾಲ್ಕಕ್ಕೆ. ಮನೆಯ ಬೀಗ ತೆಗೆಯುವವರು ಬರುವುದು ಆರೂವರೆ ಏಳಕ್ಕೆ. ಈ ಮೂರು ಗಂಟೆಗಳ ಕಾಲ ಹದಿಮೂರು ವರ್ಷದ ಹುಡುಗ ಎಲ್ಲಿರುತ್ತಾನೆ? ವಠಾರದ ಒಂದು ಕೋಣೆಯಲ್ಲಿ ಮೊಬೈಲಿನ ಮುಂದೆ, ಅಥವಾ ಲಾರಿಗಳು ತಿರುಗುವ ಅಡ್ಡರಸ್ತೆಯಲ್ಲಿ, ಅಥವಾ ಬೀಡಿ ಅಂಗಡಿಯ ಮಗ್ಗುಲಲ್ಲಿ. ಕುಟುಂಬಗಳನ್ನು ಭೇಟಿಮಾಡುವಾಗ ನಮಗೆ ಕೇಳಿಬರುವ ದುಃಖಗಳಲ್ಲಿ ಬಹುಪಾಲು ಈ ಮೂರು ಗಂಟೆಗಳಲ್ಲಿ ಮೊಳೆತವುಗಳು. ಅಂಕಪಟ್ಟಿಯಲ್ಲಿ ಕಾಣದ, ಶುಲ್ಕದ ರಸೀತಿಯಲ್ಲಿ ಬಾರದ ಈ ಮೂರು ಗಂಟೆಗಳಲ್ಲಿ ಶಾಲೆಯ ಅಂಗಳ ಯಾರಿಗೆ ತೆರೆದಿರುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಗಂಟೆಗಿಷ್ಟೆಂದು ಬಾಡಿಗೆಗೆ ಕೊಡುವ ಯೋಜನೆಯಲ್ಲಿ ಸಂಜೆಯ ಹೊತ್ತೇ ಅತ್ಯಂತ ಲಾಭದ ಹೊತ್ತೆಂಬುದನ್ನು ವಾಚಕರು ಮರೆಯಬಾರದು. ಮಕ್ಕಳಿಗೆ ಅಂಗಳ ಅತ್ಯಗತ್ಯವಾದ ಗಂಟೆಗಳಲ್ಲೇ ಅದು ಕಚೇರಿ ಮುಗಿಸಿ ಬರುವ ವಯಸ್ಕರ ಪಾಲಾಗುತ್ತದೆ.

ಬೆಂಗಳೂರಿನ ಕಾಲ್ಚೆಂಡು ಬೆಳೆದುಬಂದ ಬಗೆಯನ್ನು ನೆನೆದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಸ್ವತಂತ್ರ ಭಾರತವು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಒಂದಕ್ಕೆ ಎರಡು ಗೋಲುಗಳಿಂದ ಸೋತಾಗ, ಆ ಒಂದು ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಅವರು ಮೈಸೂರಿನ ಪರ ಆಡಿದವರು. ಆ ದಿನ ನಮ್ಮ ಆಟಗಾರರಲ್ಲಿ ಬಹುಮಂದಿ ಬರಿಗಾಲಿನಲ್ಲಿದ್ದರು. ಹಲಸೂರಿನ ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯುಂಟು. ಮದರ್ ತೆರೇಸಾರ ಪ್ರತಿಮೆಯೂ ಅದರ ಸನಿಹದಲ್ಲೇ ಇದೆ. ಇಕ್ಕಟ್ಟಾದ ಬೀದಿಗಳ ಆ ಬಡಾವಣೆ ಎಷ್ಟೋ ಆಟಗಾರರನ್ನು ನಾಡಿಗೆ ಕೊಟ್ಟಿತು. ಆಸ್ಟಿನ್ ಟೌನಿನಲ್ಲಿ ಬೆಳೆದ ಕಾರ್ಲ್‌ಟನ್ ಚಾಪ್‌ಮನ್ ಭಾರತ ತಂಡದ ನಾಯಕನಾಗುವ ಮಟ್ಟಕ್ಕೇರಿದರು. 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ನಿವೃತ್ತಿಯ ಬಳಿಕ ಮಕ್ಕಳಿಗೆ ತರಬೇತಿ ನೀಡುತ್ತಿದ್ದ ಅವರು 2020ರ ಅಕ್ಟೋಬರಿನಲ್ಲಿ, ಇನ್ನೂ ಐವತ್ತು ತುಂಬುವ ಮುನ್ನವೇ, ಅಗಲಿದರು. ಅವರೆಲ್ಲ ಸೂರಿನಡಿಯ ಹಸಿರು ಹಾಸಿನಲ್ಲಿ ಅರಳಿದವರಲ್ಲ.

ಕಾರ್ಖಾನೆಗಳೂ ಆಗ ಆಟವನ್ನು ಸಾಕಿದವು. ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಸಾರ್ವಜನಿಕ ಉದ್ಯಮಗಳು ತಂಡಗಳನ್ನು ಕಟ್ಟಿ, ಆಟಗಾರರಿಗೆ ನೌಕರಿ ಕೊಟ್ಟು, ರಾಷ್ಟ್ರೀಯ ಲೀಗಿನವರೆಗೆ ಕೊಂಡೊಯ್ದವು. ನಮ್ಮ ನೆರೆಯ ಜಾಲಹಳ್ಳಿಯಲ್ಲಿ ಬಿ.ಇ.ಎಲ್., ಎಚ್.ಎಂ.ಟಿ. ವಸಾಹತುಗಳು ಮರಗಳನ್ನೂ ಬಯಲನ್ನೂ ಉಳಿಸಿಕೊಂಡೇ ಬೆಳೆದವು. ಪೀಣ್ಯ ಹಾಗಲ್ಲ. ನಿವೇಶನಗಳನ್ನು ಅಳೆದು ಹಂಚುವಾಗ ಕಾರ್ಮಿಕರ ಮಕ್ಕಳು ಎಲ್ಲಿ ಆಡಬೇಕೆಂದು ಯೋಚಿಸಿದವರು ವಿರಳ. 54 ವರ್ಷಗಳ ನಂತರ ಕರ್ನಾಟಕ ತಂಡ 2023ರ ಮಾರ್ಚಿನಲ್ಲಿ, ದೂರದ ರಿಯಾದ್ ನಗರದಲ್ಲಿ, ಮೇಘಾಲಯವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದುಕೊಂಡಾಗ ನಾವೆಲ್ಲ ಹರ್ಷಿಸಿದೆವು. ಮುಂದಿನ ಗೆಲುವಿಗೆ ಬೇಕಾದ ಹುಡುಗರು ಎಲ್ಲಿ ಆಡುತ್ತಿದ್ದಾರೆಂದು ಕೇಳಿದವರು ಕಡಿಮೆ.

ಇಲ್ಲಿ ಕಾನೂನಿನ ಮಾತೊಂದನ್ನು ಆಡಲೇಬೇಕು. ಅದು ಕಥೋಲಿಕರಾದ ನಮಗೆ ತುಸು ಮುಜುಗರದ್ದು. 2009ರ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಲ್ಲಿ ಶಾಲೆಗೆ ಇರಬೇಕಾದವುಗಳನ್ನು ಹೇಳುವಾಗ ತರಗತಿ ಕೊಠಡಿ, ಕುಡಿಯುವ ನೀರು, ಶೌಚಾಲಯಗಳ ಜೊತೆಗೆ ಆಟದ ಮೈದಾನವನ್ನೂ ಹೆಸರಿಸಲಾಗಿದೆ. ಆದರೆ ಆ ಅಧಿನಿಯಮದ ವ್ಯಾಪ್ತಿ ಎಂಟನೆಯ ತರಗತಿಗೇ ಮುಗಿಯುತ್ತದೆ. ಪ್ರೌಢಶಾಲೆಯ ಕೊನೆಯ ಎರಡು ವರ್ಷಗಳು ಅದರ ಹೊರಗೆ. ಮೇಲಾಗಿ, 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಪ್ರಮತಿ ಪ್ರಕರಣದಲ್ಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಅಧಿನಿಯಮವೇ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. ಆ ತೀರ್ಪಿನ ಸಾಧುತ್ವವನ್ನು 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಶಂಕಿಸಿದೆ ಎಂಬುದು ನಿಜ. ಅತ್ತ ಕೇರಳದ ಉಚ್ಚ ನ್ಯಾಯಾಲಯವಂತೂ 2024ರ ಏಪ್ರಿಲಿನಲ್ಲಿ, ನಿಯಮಾನುಸಾರ ಮೈದಾನವಿಲ್ಲದ ಶಾಲೆಗಳನ್ನು ಮುಚ್ಚಿಸುವಂಥ ಕಠಿಣ ಕ್ರಮಕ್ಕೂ ಹಿಂಜರಿಯಬಾರದೆಂದು ಆ ರಾಜ್ಯದ ಸರ್ಕಾರಕ್ಕೆ ಸೂಚಿಸಿತು.

ಅಲ್ಪಸಂಖ್ಯಾತರಿಗೆ ಸಂವಿಧಾನದ 30ನೆಯ ವಿಧಿ ಕೊಟ್ಟ ಹಕ್ಕು ಅಮೂಲ್ಯವಾದುದು. ಅದನ್ನು ಕಾಪಾಡಿಕೊಳ್ಳಲು ನಮ್ಮ ಹಿರಿಯರು ಹೋರಾಡಿದ್ದಾರೆ. ಆದರೆ ಹಕ್ಕು ದೊರೆತದ್ದು ನಮ್ಮ ಶಾಲೆಗಳನ್ನು ನಮ್ಮ ಆದರ್ಶಕ್ಕನುಗುಣವಾಗಿ ನಡೆಸುವುದಕ್ಕಾಗಿ. ಕಾನೂನು ಕೇಳುವುದಿಲ್ಲವೆಂದು ಮೈದಾನವನ್ನು ಕಟ್ಟಡಕ್ಕೋ ಬಾಡಿಗೆಗೋ ಒಪ್ಪಿಸುವುದು ಆ ಹಕ್ಕಿನ ಸದ್ವಿನಿಯೋಗವೆನಿಸದು. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು ಮೈದಾನದ ಬಗ್ಗೆ ಅಧಿಕಾರಿಗೆ ಉತ್ತರಿಸಬೇಕು. ನಾವು ಯಾರಿಗೆ ಉತ್ತರಿಸಬೇಕೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಟವೆಂದರೆ ಓದಿಗೆ ಅಡ್ಡಿ, ಇಲ್ಲವೆ ಓದಿಗೆ ಚುರುಕು ತರುವ ಟಾನಿಕ್ಕು. ನಮ್ಮ ಪಾಲಕರ ಮನಸ್ಸಿನಲ್ಲಿ ಇವೆರಡೇ ಭಾವನೆಗಳಿವೆ. ಖಾಸಗಿ ಶಾಲೆಗಳ ಕರಪತ್ರಗಳು ಎರಡನೆಯದನ್ನು ಚೆನ್ನಾಗಿ ಬಲ್ಲವು. ವ್ಯಕ್ತಿತ್ವ ವಿಕಸನ, ನಾಯಕತ್ವ, ತಂಡದ ಮನೋಭಾವ ಎಂದೆಲ್ಲ ಅವು ಬರೆಯುತ್ತವೆ. ಸೆಮಿನರಿಯಲ್ಲಿ ನಮಗೆ ಕಲಿಸಿದ ತತ್ತ್ವಶಾಸ್ತ್ರ ಬೇರೆಯೇ ಮಾತನ್ನು ಹೇಳಿತ್ತು. ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯಾಲಜಿಯ' ಗ್ರಂಥದ ಎರಡನೆಯ ಭಾಗದಲ್ಲಿ, ಆಟವಿನೋದಗಳಲ್ಲಿ ಸದ್ಗುಣವಿರಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಗಂಭೀರವಾಗಿಯೇ ಎತ್ತಿಕೊಳ್ಳುತ್ತಾರೆ. ದೇಹ ದಣಿದಾಗ ವಿಶ್ರಾಂತಿ ಬೇಕಾಗುವಂತೆ ಆತ್ಮವೂ ದಣಿಯುತ್ತದೆ, ಅದರ ವಿಶ್ರಾಂತಿ ಆನಂದದಲ್ಲಿದೆ ಎಂಬುದು ಅವರ ವಾದ. ಸದಾ ಬಿಗಿದಿಟ್ಟ ಬಿಲ್ಲು ಮುರಿಯುತ್ತದೆಂದು ಸಂತ ಯೊವಾನ್ನರು ಬೇಟೆಗಾರನಿಗೆ ತಿಳಿಯಪಡಿಸಿದ ಹಳೆಯ ಕಥೆಯನ್ನೂ ಅವರು ಉಲ್ಲೇಖಿಸುತ್ತಾರೆ. ಅರಿಸ್ಟಾಟಲನಿಂದ ಅವರು ಎತ್ತಿಕೊಂಡ ಪದ 'ಯುತ್ರಾಪೆಲಿಯ', ಹಿತಮಿತವಾದ ವಿನೋದಶೀಲತೆ. (ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದಲ್ಲಿ ಇದೇ ಪದ ನಿಂದಾರ್ಥದಲ್ಲಿ ಬಂದಿದೆಯೆಂಬುದು ಬೇರೆ ಮಾತು, ತತ್ತ್ವಜ್ಞಾನಿಗಳೂ ಪ್ರೇಷಿತರೂ ಒಂದೇ ಪದವನ್ನು ಒಂದೇ ಅರ್ಥದಲ್ಲಿ ಬಳಸುವರೆಂದು ನಿರೀಕ್ಷಿಸಬಾರದು.) ಅಕ್ವಿನಾಸರು ಮುಂದುವರಿದು, ಆಟವಿನೋದಗಳ ಕೊರತೆಯೂ ದೋಷವೇ ಎನ್ನುತ್ತಾರೆ. ನಮ್ಮ ಟ್ಯೂಷನ್ ಪ್ರಿಯ ಪಾಲಕರು ಇದನ್ನು ಗಮನಿಸಬೇಕು. ಆಟದ ಗುರಿ ಆಟದೊಳಗೇ ಇದೆ. ಅಂಕಕ್ಕಾಗಿ, ಪ್ರಮಾಣಪತ್ರಕ್ಕಾಗಿ, ವಿದೇಶದ ವಿಶ್ವವಿದ್ಯಾಲಯದ ಅರ್ಜಿಗಾಗಿ ಆಡಿಸಿದ ಆಟ ಇನ್ನೊಂದು ಟ್ಯೂಷನ್ನಾಗುತ್ತದೆ. ಬಿಲ್ಲಿನ ಹೆದೆ ಸಡಿಲವಾಗುವುದಿಲ್ಲ, ಮತ್ತಷ್ಟು ಬಿಗಿಯುತ್ತದೆ.

ಸೂರು ಬೇಕೋ ಬಯಲು ಬೇಕೋ ಎಂಬ ಪ್ರಶ್ನೆ ಸಂತ ಜಾನ್ ಬೋಸ್ಕೊ ಅವರಿಗೂ ಎದುರಾಗಿತ್ತು. ಹತ್ತೊಂಬತ್ತನೆಯ ಶತಮಾನದ ಟ್ಯೂರಿನ್ ಇಂದಿನ ಪೀಣ್ಯದಂತೆಯೇ ಹಳ್ಳಿಗಳಿಂದ ದುಡಿಯಲು ಬಂದ ಹುಡುಗರಿಂದ ತುಂಬಿತ್ತು. ಅವರನ್ನು ಕೂಡಿಸಿ ಪಾಠ, ಪ್ರಾರ್ಥನೆ, ಆಟಗಳನ್ನು ನಡೆಸಹೊರಟ ಬೋಸ್ಕೊ ಅವರನ್ನು ಗದ್ದಲದ ಕಾರಣಕ್ಕಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಅಟ್ಟಲಾಯಿತು. ಕೊನೆಗೆ 1846ರ ಪಾಸ್ಖ ಹಬ್ಬದ ಹೊತ್ತಿಗೆ ವಾಲ್ಡೊಕ್ಕೊ ಎಂಬಲ್ಲಿ ಪಿನಾರ್ಡಿ ಎಂಬವನ ತಗ್ಗು ಸೂರಿನ ಒಂದು ಕೊಟ್ಟಿಗೆಯನ್ನು ಬಾಡಿಗೆಗೆ ಪಡೆದರು. ಕೊಟ್ಟಿಗೆಯಷ್ಟೇ ಸಾಲದೆಂದು ಅದರ ಸುತ್ತಲಿನ ಜಾಗವನ್ನೂ ಸೇರಿಸಿಕೊಂಡರು. ಸೂರು ಪ್ರಾರ್ಥನೆಗೆ, ಬಯಲು ಆಟಕ್ಕೆ. ಅವರ ಶಿಕ್ಷಣಕ್ರಮದಲ್ಲಿ ಆಟದಂಗಳವೂ ಪ್ರಾರ್ಥನಾಲಯದಷ್ಟೇ ಮುಖ್ಯವಾಗಿತ್ತು, ಗುರುಗಳೂ ಹುಡುಗರ ನಡುವೆ ಓಡಾಡಬೇಕಾಗಿತ್ತು.

ಅವರ ಸಭೆಗೇ ಸೇರಿದ ಗುರು ಲೊರೆನ್ಸೊ ಮಾಸ್ಸ ಅವರು ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿದ್ದಾಗ, ಬೀದಿಯಲ್ಲಿ ಚೆಂಡಾಡುತ್ತಿದ್ದ ಹುಡುಗರಲ್ಲೊಬ್ಬ ಟ್ರಾಮಿನಡಿ ಸಿಲುಕುವುದು ಕೂದಲೆಳೆಯಲ್ಲಿ ತಪ್ಪಿತಂತೆ. ಗುರುಗಳು ಹುಡುಗರನ್ನು ಗದರಿಸಿ ಮನೆಗಟ್ಟಲಿಲ್ಲ. ದೇವಾಲಯದ ಹಿತ್ತಲನ್ನು ಆಡಲು ಬಿಟ್ಟುಕೊಟ್ಟರು. ಷರತ್ತು ಒಂದೇ, ಭಾನುವಾರದ ಪೂಜೆಗೆ ಬರಬೇಕು. 1908ರಲ್ಲಿ ಆ ಹಿತ್ತಲಿನಲ್ಲಿ ಹುಟ್ಟಿದ ಸ್ಯಾನ್ ಲೊರೆನ್ಸೊ ತಂಡ ಇಂದಿಗೂ ಆ ದೇಶದ ಹಿರಿಯ ತಂಡಗಳಲ್ಲೊಂದು. 2025ರ ಏಪ್ರಿಲಿನಲ್ಲಿ ದಿವಂಗತರಾದ ಜಗದ್ಗುರು ಫ್ರಾನ್ಸಿಸರು ಬಾಲ್ಯದಿಂದ ಕೊನೆಯವರೆಗೂ ಆ ತಂಡದ ಅಭಿಮಾನಿಯಾಗಿದ್ದರು. ಚಿಂದಿ ಬಟ್ಟೆ ಸುತ್ತಿದ ಚೆಂಡಿನಲ್ಲಿ ಆಡಿದ ದಿನಗಳನ್ನು ಆಗಾಗ ಸ್ಮರಿಸುತ್ತಿದ್ದರು.

ಹಾಗಾದರೆ ನಮ್ಮ ಶಾಲೆಗಳು ಏನು ಮಾಡಬಹುದು? ಮೇಲೆ ಹೇಳಿದ ಮಾತಿಗೆ ಮರಳೋಣ. ಫುಟ್ಸಾಲ್‌ಗೆ ಬೇಕಾದುದು ಗಟ್ಟಿ ನೆಲ. ನಮ್ಮ ಬಹುತೇಕ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲುಗಟ್ಟಿ ನಿಲ್ಲುವ ಸಿಮೆಂಟಿನ ಅಂಗಳ ಈಗಾಗಲೇ ಇದೆ. ಹಲವೆಡೆ ಅದರ ಮೇಲೆ ಬ್ಯಾಸ್ಕೆಟ್‌ಬಾಲ್ ಗೆರೆಗಳೂ ಇವೆ. ಅದರ ಬಿರುಕುಗಳನ್ನು ಮುಚ್ಚಿ, ಗೆರೆ ಎಳೆದು, ಎರಡು ಗೋಲುಕಂಬಗಳನ್ನೂ ಹತ್ತು ಚೆಂಡುಗಳನ್ನೂ ತಂದರೆ ಆಟ ಶುರುವಾಗುತ್ತದೆ. ಹಣ ಕೂಡಿಬಂದಾಗ, ಗೋಡೆಗಳಿಲ್ಲದ ಬರಿಯ ಸೂರನ್ನು ಹೊದಿಸಿದರೆ ಮಳೆಗೂ ಬಿಸಿಲಿಗೂ ಸಾಕು. ಶಾಲಾ ಸಮಾರಂಭಗಳಿಗೂ ಆಯಿತು. ದುಬಾರಿಯಾದ ಕೃತಕ ಹುಲ್ಲಿನ ಗೊಡವೆಯೇ ಬೇಡ. ಅದರ ನಡುವೆ ತುಂಬುವ ರಬ್ಬರು ಹರಳುಗಳು ಸೂಕ್ಷ್ಮ ಪ್ಲಾಸ್ಟಿಕ್ಕಾಗಿ ಪರಿಸರ ಸೇರುತ್ತವೆಂದು ಯುರೋಪ್ ಒಕ್ಕೂಟವು 2023ರಲ್ಲಿ ಅವುಗಳ ಮಾರಾಟದ ನಿಷೇಧಕ್ಕೆ ನಿಯಮ ರೂಪಿಸಿ, ಎಂಟು ವರ್ಷಗಳ ಕಾಲಾವಕಾಶ ನೀಡಿದೆ. ಅಲ್ಲಿ ಬೇಡವೆನಿಸಿದ್ದನ್ನು ಇಲ್ಲಿ ನಾವು ಹೊಸದೆಂದು ಹಾಸಬೇಕೇ? ಮುಚ್ಚಿದ ಕಟ್ಟಡವನ್ನೇ ಕಟ್ಟುವುದಾದರೆ ಮಾತ್ರ, 2024ರ ಮೇ ತಿಂಗಳಿನಲ್ಲಿ ರಾಜ್‌ಕೋಟಿನ ಆಟದ ತಾಣವೊಂದರ ಷೆಡ್ಡಿಗೆ ಬೆಂಕಿ ತಗುಲಿ ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನರು ಅಸುನೀಗಿದುದನ್ನು ನೆನಪಿಡಬೇಕು. ಎರಡು ಅಗಲವಾದ ಬಾಗಿಲುಗಳೂ ಅಗ್ನಿಶಾಮಕ ಇಲಾಖೆಯ ಒಪ್ಪಿಗೆಯೂ ಇಲ್ಲದ ಅಂಕಣದೊಳಗೆ ಒಂದು ಮಗುವೂ ಕಾಲಿಡಬಾರದು.

ಮಣ್ಣಿನ ಮೈದಾನವನ್ನು ಮುಟ್ಟಲೇಬಾರದು. ಅಂಕಣಕ್ಕೆ 'ಅಕಾಡೆಮಿ'ಯ ಗುತ್ತಿಗೆ ಬೇಡ, ಪ್ರತ್ಯೇಕ ಶುಲ್ಕವೂ ಬೇಡ. ವಾರದಲ್ಲಿ ಕನಿಷ್ಠ ಎರಡು ಸಂಜೆ ಅದು ಹೆಣ್ಣುಮಕ್ಕಳಿಗೇ ಮೀಸಲಾಗಿ, ಒಬ್ಬ ಶಿಕ್ಷಕಿಯೋ ಕನ್ಯಾಸ್ತ್ರೀಯೋ ಜೊತೆಗಿರಲಿ. ನಾಲ್ಕರಿಂದ ಏಳರವರೆಗೆ ನೆರೆಹೊರೆಯ ಮಕ್ಕಳಿಗೂ, ಅವರು ಯಾವ ಶಾಲೆಯವರಾಗಲಿ ಯಾವ ಧರ್ಮದವರಾಗಲಿ, ಗೇಟು ತೆರೆದಿರಲಿ. ಪೂಜೆಯ ಭಾಷೆಯ ವಿಷಯದಲ್ಲಿ ಬೆಂಗಳೂರಿನ ಕಥೋಲಿಕರಾದ ನಾವು ದಶಕಗಳ ಕಾಲ ಎಷ್ಟು ಕಚ್ಚಾಡಿದ್ದೇವೆಂಬುದನ್ನು ವಾಚಕರು ಬಲ್ಲರು. ಚೆಂಡಿನ ಹಿಂದೆ ಓಡುವ ಮಕ್ಕಳು ಪರಸ್ಪರ ಯಾವ ಭಾಷೆಯಲ್ಲಿ ಕೂಗಾಡುತ್ತಾರೆಂದು ಒಮ್ಮೆ ನಿಂತು ಕೇಳಿದರೆ ನಗು ಬರುತ್ತದೆ. ಐದೈದು ಭಾಷೆಗಳು ಒಂದೇ ವಾಕ್ಯದಲ್ಲಿರುತ್ತವೆ.

ಖಾಸಗಿ ಪ್ರೌಢಶಾಲೆಗೇ ಮಗುವನ್ನು ಸೇರಿಸಲು ನಿರ್ಧರಿಸಿದ ಪಾಲಕರನ್ನು ನಾವು ತಡೆಯುವುದಿಲ್ಲ. ಆದರೆ ಕರಪತ್ರದ ಚಿತ್ರವನ್ನು ನಂಬಿ ಹಣ ಕಟ್ಟುವ ಮುನ್ನ ಶಾಲೆಗೆ ಹೋಗಿ, ಪಾಠದ ದಿನವೇ ಹೋಗಿ, ಆಟದ ಅವಧಿಯಲ್ಲಿ ಎಷ್ಟು ಮಕ್ಕಳು ಓಡುತ್ತಿದ್ದಾರೆ, ಎಷ್ಟು ಮಕ್ಕಳು ಕುಳಿತಿದ್ದಾರೆಂದು ಎಣಿಸಿ. ಒಳಾಂಗಣದ ಹೊರಗೆ ಬಯಲೂ ಇದೆಯೇ ಎಂದು ನೋಡಿ. ಸಂಜೆ ಆ ಅಂಕಣದಲ್ಲಿ ಯಾರು ಆಡುತ್ತಾರೆ, ಅದಕ್ಕೆ ಬೇರೆ ಹಣವೆಷ್ಟು ಎಂದು ಲಿಖಿತವಾಗಿ ಕೇಳಿ. ಹುಡುಗಿಯರ ತಂಡವಿದೆಯೇ ಎಂಬುದನ್ನು ಮರೆಯಬೇಡಿ.

ಇನ್ನುಳಿದದ್ದು ವೆಚ್ಚದ ಮಾತು. ಸಂಜೆ ಆರರಿಂದ ಏಳರವರೆಗಿನ ದೀಪಗಳ ವಿದ್ಯುತ್ತು, ಗೇಟು ಕಾಯುವವನ ಸಂಬಳ, ವರ್ಷಕ್ಕೆರಡು ಬಾರಿ ಚೆಂಡು ಮತ್ತು ಬಲೆ. ಇವಿಷ್ಟನ್ನು ಶಾಲೆಯೊಂದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಧರ್ಮಕೇಂದ್ರದ ಹಬ್ಬಕ್ಕೆ ನಾವು ಪ್ರತಿ ವರ್ಷ ಸುಡುವ ಪಟಾಕಿಯ ಹಣವನ್ನೂ ದೀಪಾಲಂಕಾರದ ಅರ್ಧ ಹಣವನ್ನೂ ಅತ್ತ ತಿರುಗಿಸಿದರೆ ಅದು ಬಹುಮಟ್ಟಿಗೆ ಸರಿಹೋದೀತೆಂದು ನಮ್ಮ ಅಂದಾಜು. ಲೆಕ್ಕ ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮುಂದಿನ ಪಾಲನಾ ಸಮಿತಿಯ ಸಭೆಗೆ ಅವರು ಕಾಗದ ಪೆನ್ಸಿಲಿನೊಂದಿಗೆ ಬರಲಿ.